ತಾಯಿ ಸಮೇತ

ಮಂಡಿಪೇಟೆಯ ಔಷಧದಂಗಡಿ. ಎಡಗಡೆ ಗಾಜಿನ ಕಪಾಟು,
ಮೇಲಿನ ಸಾಲು, ಗ್ರೈಪ್ ವಾಟರ್ ಇರುತ್ತಿದ್ದ ಜಾಗ.
ಈಗಲ್ಲಿ ಸೇಬಿನ ವಿನೆಗರ್.
ಸೋಮವಾರ ಹನ್ನೆರಡು ಬಾಟಲಿ ಬಂದರೆ
ಶನಿವಾರದೊಳಗೆ ಖಾಲಿ.

ಮೊದಲು ಕೇಳಿದವರು ಮಂಡಕ್ಕಿ ಭಟ್ಟಿಯ ಹಾಲಸ್ವಾಮಿ:
"ತಾಯಿ ಇರೋದೇ ಕೊಡು ತಂಗಿ,
ತಾಯಿ ಇಲ್ಲದ್ದು ಬ್ಯಾಡ."
ಲೇಬಲ್ಲು ತಿರುಗಿಸಿ ಓದಿದೆ. ಹೌದು, ತಾಯಿ ಸಮೇತ.
ತಳದಲ್ಲಿ ಕದಡಿದ ಮೋಡ,
ಎಳೆ ಎಳೆಯಾಗಿ ತೇಲುವ ಏನೋ ಒಂದು.
ಅದಕ್ಕೇ ಎಪ್ಪತ್ತು ರೂಪಾಯಿ ಜಾಸ್ತಿ.

ಬೆಳಿಗ್ಗೆ ಬರಿಹೊಟ್ಟೆಗೆ, ಲೋಟ ನೀರಿಗೆ ಎರಡು ಚಮಚ,
ಮೂಗು ಹಿಡಿದು. ಬೊಜ್ಜು ಕರಗುತ್ತದಂತೆ,
ಸಕ್ಕರೆ ಇಳಿಯುತ್ತದಂತೆ, ಮುಖಕ್ಕೆ ಕಳೆ ಬರುತ್ತದಂತೆ.
ಅಂತೆಗಳಿಗೆ ನಾನು ಬಿಲ್ಲು ಹಾಕುವುದಿಲ್ಲ,
ಬಾಟಲಿಗೆ ಮಾತ್ರ.

ಓಬಕ್ಕ ದೊಡ್ಡಮ್ಮನ ಸೀಸೆಗೆ ಲೇಬಲ್ಲಿರಲಿಲ್ಲ.
ಜಗಳೂರಿನಾಚೆ ಎರೆಹೊಲ. ಪುಷ್ಯಮಾಸ.
ಕಡಲೆ ಹೂವುದುರಿ ಕಾಯಿ ಕಟ್ಟುವ ವಾರ.
ರಾತ್ರಿ ಉಂಡ ಮೇಲೆ ಗಿಡಗಳಿಗೆ ಬಿಳಿ ಬಟ್ಟೆ ಹಾಸಿ ಬರುತ್ತಿದ್ದಳು,
ಮಲಗಿದ ಕೂಸಿಗೆ ಹೊದಿಸಿದ ಹಾಗೆ, ತುದಿಗೆ ಕಲ್ಲಿಟ್ಟು.
ಇಬ್ಬನಿ ಇಳಿಯುತ್ತಿತ್ತು. ಗಿಡ ತನ್ನ ಹುಳಿ ಬಿಟ್ಟುಕೊಡುತ್ತಿತ್ತು.
ಹಕ್ಕಿ ಏಳುವ ಮೊದಲೇ ಎತ್ತಿ ಹಿಂಡಬೇಕು,
"ಬಿಸಿಲು ಬಿತ್ತೋ, ಆಕಾಶ ವಾಪಸ್ ಇಸ್ಕಂತೈತಿ."

ಒಂದು ಬಟ್ಟೆಗೆ ಅರ್ಧ ಬಟ್ಟಲು.
ತಾಮ್ರ ಹಿತ್ತಾಳೆ ಮುಟ್ಟಿಸುವಂತಿಲ್ಲ. ಮಣ್ಣಿನ ಕುಡಿಕೆ,
ಆಮೇಲೆ ಗಾಜು: ದೊಡ್ಡಪ್ಪ ಬಿಟ್ಟ ಬ್ರಾಂದಿ ಸೀಸೆ.
ಬ್ರಾಂದಿ ಬಿಟ್ಟ ಅಂತಲ್ಲ, ಸೀಸೆ ಬಿಟ್ಟ.

ಅವಳ ಬೆರಳ ಸಂದಿಯಲ್ಲಿ ಸೀಳು, ಹಿಮ್ಮಡಿಯಲ್ಲಿ ಸೀಳು.
ಹುಳಿ ಹೊಕ್ಕು ಉರಿದಾಗ ಸ್ಸ್ ಎನ್ನುತ್ತಿದ್ದಳು,
ಹಸಿ ಕೈಯ ನೀರು ಹಂಚಿಗೆ ಬಿದ್ದ ಹಾಗೆ.

ಹೊಟ್ಟೆ ಹಿಡಿದು ಬಂದ ಮಕ್ಕಳಿಗೆ ನೀರಲ್ಲಿ ನಾಲ್ಕು ಹನಿ.
ಉಬ್ಬರಿಸಿದ ಎತ್ತಿಗೆ ಒಂದು ಗೊಟ್ಟ.
ಶಾಲೆ ತಪ್ಪಿಸಲು ನರಳುತ್ತಿದ್ದ ನನಗೆ ನೀರು ಸೇರಿಸದೆ.
ಹಲ್ಲು ಜುಮ್ಮೆಂದವು.
ನೋವು ಸುಳ್ಳೆಂದು ಹೊಟ್ಟೆಯೇ ಒಪ್ಪಿಕೊಂಡಿತು.

ಬಟ್ಟೆಯ ಮಾತು ಹೇಳಬೇಕು.
ಅಮ್ಮ ಹತ್ತಿ ಮಿಲ್ಲಿನ ರೀಲಿಂಗ್ ಖಾತೆಯಲ್ಲಿದ್ದಳು.
ದೀಪಾವಳಿಗೆ ಗೇಟಿನಲ್ಲಿ ತೂಕಕ್ಕೆ ಕೊಡುವ ತುಂಡುಗಳು,
ಅಂಚು ತಪ್ಪಿದ್ದು, ನೂಲು ಬಿಟ್ಟಿದ್ದು,
ಗಂಟು ಕಟ್ಟಿ ಅಕ್ಕನಿಗೆಂದು ಜಗಳೂರು ಬಸ್ಸಿಗೆ ಹಾಕುತ್ತಿದ್ದಳು.
ಮೂರು ಇಬ್ಬನಿಗೆ ಹಳದಿ,
ಹತ್ತಕ್ಕೆ ತೂತು, ಮರುವರ್ಷ ಕೈಯಲ್ಲೇ ಪುಡಿ.
ಮಿಲ್ಲಿನ ಸೈರನ್ನು ನಿಂತ ವರ್ಷ
ದೊಡ್ಡಮ್ಮ ಯೂರಿಯಾ ಚೀಲ ಬಿಚ್ಚಿ ಹಾಸಿ ನೋಡಿದಳು.
ಪ್ಲಾಸ್ಟಿಕ್ಕು ಇಬ್ಬನಿ ಕುಡಿಯಲಿಲ್ಲ.
ಎಲ್ಲ ಜಾರಿ ನೆಲದ ಪಾಲು.

ನಿನ್ನೆ ಹಾಲಸ್ವಾಮಿ ಮತ್ತೆ ಬಂದರು. ಹಲ್ಲು ಜುಮ್ಮಂತೆ.
ಕುಡಿದ ಮೇಲೆ ಬಾಯಿ ಮುಕ್ಕಳಿಸಿ,
ಸಕ್ಕರೆ ಮಾತ್ರೆ ಬಿಡಬೇಡಿ,
ಡಾಕ್ಟರಿಗೊಂದು ಮಾತು ಕೇಳಿ, ಎಂದೆ.
"ಅದಿರ್ಲಿ. ಕೆಲ್ಸ ಮಾಡ್ತೈತೋ ಇಲ್ವೋ?"
ಅಂಗಿಯಲ್ಲಿ ಭಟ್ಟಿಯ ಹೊಗೆ, ಹುಬ್ಬಿನಲ್ಲಿ ಹೊಟ್ಟು.
ಗೊತ್ತಿಲ್ಲ ಅಂದೆ. ಇಪ್ಪತ್ತು ವರ್ಷ ಕೌಂಟರಿನ ಹಿಂದೆ ನಿಂತು
ಇದೊಂದು ಮಾತು ಸಲೀಸಾಗಿ ಬರುತ್ತದೆ.
ನಕ್ಕರು. ಇನ್ನೊಂದು ಬಾಟಲಿ ತಗೊಂಡರು.

ಮನೆಯಲ್ಲಿ, ಉಪ್ಪಿನಕಾಯಿ ಜಾಡಿಯ ಹಿಂದೆ, ಆ ಬ್ರಾಂದಿ ಸೀಸೆ.
ಬೆರಳಗಲ ಉಳಿದಿದೆ, ಬಣ್ಣ ಕರಿಬೆಲ್ಲದ ಪಾನಕ.
ಯಾರಿಗೂ ಕುಡಿಸುವುದಿಲ್ಲ, ನಾನೂ ಕುಡಿಯುವುದಿಲ್ಲ.
ಒಮ್ಮೊಮ್ಮೆ ರಾತ್ರಿ ಬಿರಡೆ ತೆಗೆದು ಮೂಸುತ್ತೇನೆ.
ಬಲ್ಬಿಗೆ ಹಿಡಿದರೆ ತಳದಲ್ಲಿ ಒಂದೆಳೆ, ಬಿಳಿ.
ಅಲುಗಿಸಿದರೆ ಏಳುತ್ತದೆ,
ನಿಧಾನಕ್ಕೆ ಕೂರುತ್ತದೆ.
ನೂಲಿರಬೇಕು.