ಮೂರು ಬೆರಳ ಮಡಿಕೆ

ಸರ್ಕಾರದ ಬಟ್ಟೆ ಈ ಸಲವೂ ತಡ.
ಶಾಲೆ ತೆರೆದು ನಾಲ್ಕು ದಿನವಾದ ಮೇಲೆ
ಹೆಡ್ ಮೇಷ್ಟ್ರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಾವೇ ಹೊತ್ತು ತಂದರು:
"ಮೊಯ್ದು ಕಾಕಾ, ಹದಿನೇಳು ಮಕ್ಕಳು. ಸೋಮವಾರಕ್ಕೆ ಆಗುತ್ತಾ?"
ಹದಿನೇಳು.
ಒಂದು ಕಾಲಕ್ಕೆ ಸಿದ್ದಾಪುರದ ಪೇಟೆಯಲ್ಲಿ
ಮೇ ಎಂದರೆ ನನಗೆ ನಿದ್ದೆಯಿಲ್ಲದ ತಿಂಗಳು,
ಇನ್ನೂರು ಚಡ್ಡಿ, ನೂರೈವತ್ತು ಲಂಗ,
ಗುಂಡಿ ಹಾಕಲು ಮನೆಯವಳು, ಕಾಜಾಕ್ಕೆ ಅವಳ ತಂಗಿ.
ಈಗ ಹಳದಿ ಬಸ್ಸಿನ ಮಕ್ಕಳಿಗೆ ಎಲ್ಲವೂ
ಮೈಸೂರಿನಿಂದ ಬರುತ್ತದೆ, ಟೈ ಕಾಲುಚೀಲ ಸಮೇತ.
ಅಳತೆ ಯಾರೂ ಕೇಳುವುದಿಲ್ಲ, ವಯಸ್ಸು ಕೇಳುತ್ತಾರೆ.

ಹದಿನೇಳರಲ್ಲಿ ಒಂದು ನನ್ನ ಮೊಮ್ಮಗಳದು.
ಒಂದನೇ ಕ್ಲಾಸು. ಹೆಸರು ನಸೀಹಾ.
ಸ್ಟೂಲಿನ ಮೇಲೆ ನಿಲ್ಲಿಸಿ ಟೇಪು ಹಿಡಿದರೆ
ಹಿಮ್ಮಡಿ ಎತ್ತಿ ದೊಡ್ಡವಳಾಗಲು ನೋಡಿದಳು.
"ಇಳಿಸು ಮೋಳೇ,
ಸುಳ್ಳಿನ ಅಳತೆಗೆ ಬಟ್ಟೆ ಕೂರುವುದಿಲ್ಲ."

ಕೆಳಗೆ ಮೂರು ಬೆರಳು ಮಡಿಕೆ ಬಿಡುವುದನ್ನು
ನನಗೆ ಕಲಿಸಿದ್ದು ಉಸ್ತಾದರಲ್ಲ,
ತೋಟದ ಲೈನುಗಳಿಂದ ಬರುತ್ತಿದ್ದ ತಾಯಂದಿರು:
"ಬರುವ ವರ್ಷಕ್ಕೂ ಇದೇ, ಕಾಕಾ."
ಮಕ್ಕಳು ಬೆಳೆಯುವುದು ಅವರಿಗೆ ಸಂತೋಷವೂ ಹೌದು, ಖರ್ಚೂ ಹೌದು.
ಮಡಿಕೆ ಬಿಚ್ಚಿದರೆ ಒಂದು ಗೆರೆ ಉಳಿಯುತ್ತದೆ,
ಇಸ್ತ್ರಿಗೂ ಹೋಗದ್ದು, ತುಸು ಗಾಢ ಬಣ್ಣದ್ದು,
ಹೊಳೆ ಇಳಿದ ಮೇಲೆ ಸೇತುವೆಯ ಕಂಬದಲ್ಲಿ ಇರುತ್ತದಲ್ಲ, ಹಾಗೆ.
ಒಬ್ಬೊಬ್ಬ ಹುಡುಗನ ಚಡ್ಡಿಯಲ್ಲಿ ಎರಡೆರಡು ಗೆರೆ ಓದಿದ್ದೇನೆ.
ನಾನು ಓದಿದ್ದು ಅಷ್ಟೇ ಅನ್ನಿ;
ನಾಲ್ಕನೇ ಕ್ಲಾಸಿಗೆ ಬಿಟ್ಟವನು, ಅದೂ ಅರ್ಧಕ್ಕೆ.

ಯಾಕೆ ಬಿಟ್ಟೆ ಎಂದು ಇಷ್ಟು ವರ್ಷ ಯಾರೂ ಕೇಳಲಿಲ್ಲ,
ನಸೀಹಾ ಕೇಳಿದಳು.
ಮಳೆಗೆಂದು ಆ ವರ್ಷ ಹದಿನೈದು ದಿನ ರಜೆ ಕೊಟ್ಟರು.
ಬಾಪ ನನ್ನನ್ನು ಅಂಗಡಿಯಲ್ಲಿ ಗುಂಡಿ ಹೆಕ್ಕಲು ಕೂರಿಸಿದ.
ರಜೆ ಮುಗಿಯಿತು ಎಂದು ನನಗೆ ಯಾರೂ ಹೇಳಲಿಲ್ಲ.
"ಹಾಗಾದ್ರೆ ನಿಂಗೆ ಇನ್ನೂ ರಜೆಯಾ, ಉಪ್ಪಾಪಾ?"
ಮೆಷಿನ್ ತುಳಿದೆ. ಜೋರಾಗಿಯೇ ತುಳಿದೆ.

ಮೇಲಿನ ಹಲಗೆಯಲ್ಲಿ ಹಳೇ ಪೇಪರಿನ ಒಂದು ಕಟ್ಟು:
"ಕರ್ಪ, ಐದನೇ ಕ್ಲಾಸು", ನನ್ನದೇ ವಕ್ರ ಅಕ್ಷರ.
ಅವನ ತಾಯಿ ಎಂಟು ರೂಪಾಯಿ ಮುಂಗಡ ಕೊಟ್ಟಿದ್ದಳು.
ಆ ವಾರವೇ ಲೈನು ಖಾಲಿ, ಬೇರೆ ತೋಟಕ್ಕಂತೆ,
ಎಲ್ಲಿಗೆಂದು ರೈಟರಿಗೂ ಗೊತ್ತಿಲ್ಲ.
ಈಗ ಅವನಿಗೆ ನಲವತ್ತು ದಾಟಿರಬೇಕು.
ಜೂನಿಗೊಮ್ಮೆ ಕಟ್ಟು ಬಿಚ್ಚಿ ನುಸಿಗುಳಿಗೆ ಬದಲಿಸುತ್ತೇನೆ.

ಸೋಮವಾರ. ಏಳೂವರೆಗೆ ಫೋನು ಕುಂಯ್ ಎಂದಿತು:
ರಸ್ತೆ ಪಕ್ಕ ಹಲಸಿನ ಮರದಡಿ ಆನೆಗಳು, ಜೊತೆಗೊಂದು ಮರಿ.
ಆಟೋದವನು ಈಗ ಬರುವುದಿಲ್ಲ ಎಂದ.
ನಸೀಹಾ ಬ್ಯಾಗು ಹಾಕಿಕೊಂಡೇ ಜಗಲಿಯಲ್ಲಿ ಕೂತಳು.
ರಾತ್ರಿಯಿಡೀ ಒಲೆಯ ಮೇಲೆ ಒಣಗಿದ ಲಂಗ,
ಮೈಯೆಲ್ಲ ಕಾಫಿ ಕಟ್ಟಿಗೆಯ ಹೊಗೆ.
"ಹಾಜರಿ ಕೂಗಿಬಿಟ್ಟಿದ್ರೆ?"
"ಕಾಯ್ತಾರೆ. ಮೇಷ್ಟ್ರ ಪ್ಯಾಂಟೂ ನಾನೇ ಹೊಲಿದದ್ದು."
ಅವಸರ ಮಾಡುವಂತಿಲ್ಲ.
ಆ ಮರಿಗೂ ಬಹುಶಃ ಹಲಸು ಒಡೆಯುವ ಮೊದಲ ಪಾಠ.

ಸೂಜಿಯ ಕಣ್ಣು ಈಚೆಗೆ ನನಗೆ ಎರಡಾಗಿ ಕಾಣುತ್ತದೆ.
ಬರುವ ಜೂನಿನ ಮಾತು ಆಡಲು ನಾನು ಯಾರು?
ಹಾಗಾಗಿ ಅವಳ ಮಡಿಕೆಗೆ ಮೆಷಿನ್ ಹಾಕಲಿಲ್ಲ,
ಕೈಯಲ್ಲೇ, ಸಡಿಲವಾಗಿ, ಒಂದೇ ನೂಲು.
ಯಾರು ಎಳೆದರೂ ಬರಲಿ.

ಒಂಬತ್ತಕ್ಕೆ ದಾರಿ ಬಿಟ್ಟಿತು. ಅವಳು ತಿರುಗಿ ನೋಡದೆ ಆಟೋ ಹತ್ತಿದಳು.
ಅಂಗಡಿಗೆ ಬಂದರೆ ಬಾಗಿಲಲ್ಲಿ ಅಸ್ಸಾಮಿನ ಹೆಂಗಸು,
ಸೊಂಟಕ್ಕೆ ಅಂಟಿ ನಿಂತ ಹುಡುಗ.
ಅವಳಿಗೆ ನನ್ನ ಯಾವ ಭಾಷೆಯೂ ಬಾರದು.
ಅಂಗೈಯಿಂದ ಮಗನ ಮಂಡಿ ಮುಟ್ಟಿ ತೋರಿಸಿದಳು,
ಆಮೇಲೆ, ಸ್ವಲ್ಪ ನಾಚಿ,
ಇನ್ನೂ ಮೂರು ಬೆರಳು ಕೆಳಗೆ.