ದುಡಿ ಕಾಯುವ ಹೊತ್ತು

ಸಂಜೆ ಆರಕ್ಕೇ ಮಡಿಕೇರಿಯ ಮೈದಾನಕ್ಕೆ ಮಂಜು ಬಂದು
ಮೊದಲ ಸಾಲಿನ ಕುರ್ಚಿಗಳಲ್ಲಿ ಕೂತಿದೆ.
'ಚೆಕ್, ಚೆಕ್' ಅನ್ನುತ್ತಾನೆ ಸುಂಟಿಕೊಪ್ಪದ ನೌಫಲ್.
ಸ್ಪೀಕರು ಕೆಮ್ಮುತ್ತದೆ.

ಕೆಳಗೆ, ಕಾಲೇಜು ರಸ್ತೆಯ ಕಾಫಿ ಅಂಗಡಿಯಲ್ಲಿ
ಹುಡುಗಿಯೊಬ್ಬಳ ಗಿಟಾರು, ಹನ್ನೊಂದು ಜನ, ಒಂದು ನಾಯಿ.
ಅದನ್ನೂ ಕೇಳಿಬಂದೆ. ತಂತಿಯೊಂದು ಸಡಿಲ;
ಹಾಡುತ್ತಲೇ ಬಿಗಿದಳು.

ಇಲ್ಲಿ ವೇದಿಕೆಯ ಹಿಂದೆ ಐತಣ್ಣ
ಆಮ್ಲೆಟ್ ಗಾಡಿಯ ಒಲೆಗೆ ದುಡಿ ಹಿಡಿದು
ಬೆರಳಲ್ಲಿ ತಟ್ಟುತ್ತಾನೆ, ಕಿವಿಯಿಡುತ್ತಾನೆ:
'ಇನ್ನೂ ಒದ್ದೆ ಸೀರೆ ಒಗೆದ ಸದ್ದು.'
ಮತ್ತೆ ಬೆಂಕಿ.
ಗ್ಯಾಸಿನ ದುಡ್ಡು ಯಾರು ಕೊಡ್ತಾರೆ ಅಂತ
ಗಾಡಿಯವಳು ಗೊಣಗುತ್ತಲೇ ಉರಿ ಏರಿಸಿದಳು.

ಮೈಕಿನಲ್ಲಿ ಅವನ ಹೆಸರು ಕೂಗಿದರು
ಎರಡು ಸಲ, ಎರಡೂ ತಪ್ಪು.

ಅವನು ಏಳಲಿಲ್ಲ.
'ತೊಗಲು ಕಾಯ್ಲಿ' ಅಂದ,
'ಅಲ್ಲೀವರೆಗೆ ಊರೂ ಕಾಯ್ಲಿ.'