ಮೊಟ್ಟೆ ಬೇಯುವಷ್ಟು ಹೊತ್ತು

ಗಿಂಡಾ ಸ್ಟೇಷನ್ನಿನಲ್ಲಿ ಗಡಿಯಾರವೊಂದಿತ್ತು.
ಇಟಲಿಯವರು ಹೋಗುವಾಗ ಅದರ ಮುಳ್ಳು ಬಿಚ್ಚಿಕೊಂಡು ಹೋದರಂತೆ.
ನನ್ನವ್ವ ಅದರತ್ತ ತಲೆಯೆತ್ತಿದವಳೇ ಅಲ್ಲ.

ಮಸಾವಾದ ಬಂಡಿ ಕೊನೆಯ ಸುರಂಗದಿಂದ
ಮೂತಿ ಹೊರಗಿಟ್ಟು ಒಮ್ಮೆ ಕೂಗಿದರೆ
ಅವ್ವ ಕುದಿನೀರಿಗೆ ಮೊಟ್ಟೆ ಬಿಡುವಳು,
ನಲವತ್ತು, ಒಂದೊಂದೇ, ಸೌಟಿನಲ್ಲಿಟ್ಟು ಮೆಲ್ಲಗೆ.
ತಿರುವು, ಸೇತುವೆ, ಇನ್ನೊಂದು ತಿರುವು, ಪಾಪಾಸುಕಳ್ಳಿಯ ಸಾಲು.
ಬುಸುಗುಟ್ಟುತ್ತ ಅದು ನೀರಿನ ತೊಟ್ಟಿಯಡಿ ನಿಲ್ಲುವಾಗ
ಬಿಳಿ ಗಟ್ಟಿ, ಹಳದಿ ಇನ್ನೂ ಅರೆನಿದ್ದೆಯಲ್ಲಿ.
ಲೆಕ್ಕ ತಪ್ಪಿದ ದಿನ
ಅದು ಹಳಿಯ ಮೇಲೆ ಕೂತ ಒಂಟೆಯ ತಪ್ಪು,
ಅವ್ವನದಲ್ಲ.

ಬುಟ್ಟಿ ಹೊತ್ತು ನಾನು ಓಡುವೆ
ಗಾಜಿಲ್ಲದ ಕಿಟಕಿಗಳ ಉದ್ದಕ್ಕೂ.
ಮುಖ ನೆನಪಿಲ್ಲ, ಕೈಗಳು ನೆನಪಿವೆ:
ಮದರಂಗಿಯ ಕೈ, ಜಪಮಣಿಯ ಕೈ,
ಆಡಿನ ಕಿವಿ ಬಿಡದೆ ಎಡಗೈಯಲ್ಲೇ ಕಾಸು ಕೊಟ್ಟ ಕೈ,
ಬಂಡಿ ಹೊರಟ ಮೇಲೂ ಚಿಲ್ಲರೆಗಾಗಿ ಚಾಚಿಕೊಂಡೇ ಹೋದ ಒಂದು ಕೈ.
(ಆ ಎರಡು ಬಿಲ್ಲೆ ಇನ್ನೂ ನನ್ನ ಮೇಲಿದೆ.)

ಎಂಜಿನ್ನಿನಿಂದ ಫೈರ್‌ಮನ್ ಜೆರಾಯ್ ಬಾಗುವನು,
ಹಲ್ಲೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಸಿ.
ಕಾದ ಸಲಿಕೆಯ ಮೇಲೆ ತಾನೇ ಬೇಯಿಸಿಕೊಳ್ಳಬಹುದಿತ್ತು ಅವನು.
ಆದರೂ ಎರಡು ಕೊಳ್ಳುವನು. “ಖಾರ ಎಲ್ಲಿ, ಹುಡುಗಿ?”
ಹಳೆ ಟಿಕೆಟ್ಟಿನಲ್ಲಿ ಮಡಿಚಿದ ಉಪ್ಪು, ಬರ್ಬೆರೆ.

ಒಂದೇ ಸಲ ನಾನೂ ಹತ್ತಿದ್ದೆ, ಅಸ್ಮಾರಾದವರೆಗೆ.
ಸುರಂಗ ಎಣಿಸಲು ಬೆರಳು ಸಾಲದೆ
ಪಕ್ಕದ ಮುದುಕಿಯ ಬೆರಳು ಸಾಲ ತೆಗೆದೆ.
ಕತ್ತಲಾದಾಗಲೆಲ್ಲ ಅವಳು ತನ್ನ ಬಿಳಿ ನೆತ್ಸೆಲಾ
ನನ್ನ ಮೂಗಿಗೂ ಸೇರಿಸಿ ಹೊದಿಸಿದಳು.
ಇಳಿವಾಗ ಆ ಸೆರಗಿನ ಮೇಲೆ
ನಾಲ್ಕು ಪುಟ್ಟ ಕಪ್ಪು ಚುಕ್ಕೆ:
ನಮ್ಮಿಬ್ಬರ ಉಸಿರು.

ಆಮೇಲೆ ಒಂದು ದಿನ ಕೂಗಲಿಲ್ಲ.
ಮರುದಿನವೂ.
ಹಳಿ ಕಿತ್ತರು. ನಮ್ಮವರೂ ಕಿತ್ತರು, ಅವರೂ ಕಿತ್ತರು,
ಕಂದಕಗಳಿಗೆ ಸೂರು ಬೇಕಿತ್ತು.
ಕಬ್ಬಿಣದ ಸ್ಲೀಪರಿನಡಿ ಮಲಗಿದವರಲ್ಲಿ
ನನ್ನ ಅಣ್ಣ ಹಬ್ತೆಯಿದ್ದ.
ಅವನ ಬಗ್ಗೆ ಇಲ್ಲಿ ಬರೆಯಲಾರೆ.

ಅವ್ವನಿಗೆ ಮೊಟ್ಟೆ ಬೇಯಿಸುವುದೇ ಮರೆಯಿತು.
ಒಂದೋ ಒಡೆದರೆ ಹರಿಯುವುದು, ಒಂದೋ ಕಲ್ಲು.
ಯಾರೋ ಕೈಗಡಿಯಾರ ಕೊಟ್ಟರು.
ಕಿವಿಗೆ ಹಿಡಿದು ನೋಡಿ
“ಇದಕ್ಕೆ ಗಂಟಲೇ ಇಲ್ಲ” ಎಂದಳು.

ಯುದ್ಧ ಮುಗಿದು ಕೆಲವು ವರ್ಷಕ್ಕೆ
ಹಳಬರು ಬಂದರು, ಎಪ್ಪತ್ತು ದಾಟಿದವರು,
ಕರೆದವರು ಕೆಲವರು, ಕರೆಯದೆ ಬಂದವರೇ ಹೆಚ್ಚು,
ಅವರವರ ಎಣ್ಣೆಕುಪ್ಪಿ ಅವರವರ ಕೈಲಿ.
ಬೆಟ್ಟ ಬೆಟ್ಟ ಅಲೆದು ಹಳಿ ಹೆಕ್ಕಿದರು,
ಬೇಲಿಯಿಂದ, ಬಾವಿಕಟ್ಟೆಯಿಂದ, ಕಂದಕದಿಂದ.
ಜೆರಾಯ್ ತನ್ನ ಮನೆಯ ಹಿಟ್ಟಿನ ಗುಡಾಣದ ಮುಚ್ಚಳದ ಮೇಲಿಂದ
ಇಪ್ಪತ್ತು ವರ್ಷ ಇಲಿಗಳನ್ನು ತಡೆದ ಭಾರವೊಂದನ್ನು ತಂದ.
ಉಜ್ಜಿದರೆ ಹಿತ್ತಾಳೆ. ಉಜ್ಜಿದರೆ ಶಿಳ್ಳೆ.
ಹೆಂಡತಿ ಬೈದಳಂತೆ: ಇನ್ನು ಗುಡಾಣಕ್ಕೇನಿಡಲಿ?

ಹಳಿ ಗಿಂಡಾ ಮುಟ್ಟಿದ ದಿನ
ಕೊನೆಯ ಸುರಂಗದಿಂದ ಅದು ಕೂಗಿತು,
ಸ್ವಲ್ಪ ಒಡಕು, ಹಿಟ್ಟು ಸಿಕ್ಕಿಕೊಂಡ ಹಾಗೆ.
ಅವ್ವ ಏಳಲಿಲ್ಲ. ಕೈ ಮಾತ್ರ ಎದ್ದಿತು,
ಗಾಳಿಯಲ್ಲಿ ಸೌಟು ಹುಡುಕಿತು.
ನಾನು ಒಲೆ ಹಚ್ಚಿದೆ.

ಬಂಡಿ ತಿರುವಿನಲ್ಲಿ ಕೆಟ್ಟು ನಿಂತಿತು.
ಎರಡು ಗಂಟೆ.
ಪಾತ್ರೆ ಇಳಿಸಲು ಅವ್ವ ಬಿಡಲಿಲ್ಲ,
ಅದು ಬಂದು ನಿಲ್ಲುವತನಕ ಬೇಯುವುದೇ ನಿಯಮ.

ಕೊನೆಗೆ ಬಂತು. ಕ್ಯಾಮೆರಾದವರು ಇಳಿದರು, ಪಟ ತೆಗೆದರು,
ಬಿಳಿಯ ಬಿಸಿನೀರಿನ ಬಾಟಲಿ, ಡಾಲರಿನ ಟಿಕೆಟ್ಟು.
ಆಡು ಹಿಡಿದವರು ಯಾರೂ ಇಳಿಯಲಿಲ್ಲ.
ಆಡು ಹಿಡಿದವರಿಗೆ ಬಸ್ಸಿದೆ ಈಗ.

ಮೆಟ್ಟಿಲ ಮೇಲೆ ಕೂತು ಜೆರಾಯ್ ಮೊಟ್ಟೆ ಸುಲಿದ.
ಹಳದಿಯ ಸುತ್ತ ಬೂದುನೀಲಿ ಉಂಗುರ,
ರಬ್ಬರಿನಂಥ ಬಿಳಿ.
ಇದ್ದ ಹಲ್ಲಿನಲ್ಲಿ ಬಹಳ ಹೊತ್ತು ಅಗಿದ.
ಏನೂ ಅನ್ನಲಿಲ್ಲ.
ಇನ್ನೊಂದಕ್ಕೆ ಕೈ ಚಾಚಿ, ನನ್ನ ನರೆಯನ್ನು ನೋಡದೆ,
“ಖಾರ ಎಲ್ಲಿ, ಹುಡುಗಿ?”